ಅಕ್ಟೋಬರ್ ಚಾಟ್ನಿ: ಎಲೆ ಉದುರಿಸುವುದರಿಂದ ಮೊದಲ ಜಿಎ ತನಕ

ದ್ರಾಕ್ಷಿಗೆ ಈ ಹಂಗಾಮಿನ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮುಗಿಯಿತು. ಗೊನೆ ಬಾರದ ಫೇಲ್ ಕಡ್ಡಿ ಕಿತ್ತಾಯಿತು, ಮೊದಲ ಜಿಎ (ಗೊನೆ ಬೆಳೆಸುವ ಜಿಬ್ಬರೆಲಿಕ್ ಆಮ್ಲ) ಸಿಂಪಡಣೆಯೂ ಆಯಿತು. ವಿಜಯಪುರ, ಬಾಗಲಕೋಟೆ ಕಡೆ ಮುಂದಿನ ವರ್ಷ ಮೊದಲ ಸಲ ಹಣ್ಣಿನ ಚಾಟ್ನಿಗೆ ಇಳಿಯುವವರು ಎಲ್ಲೆಲ್ಲಿ ತಡವರಿಸುತ್ತಾರೆ ಎಂಬುದು ನೆನಪು ಹಸಿಯಾಗಿರುವಾಗಲೇ ಬರೆದಿಟ್ಟರೆ ಒಳ್ಳೆಯದು. ಇಲ್ಲಿರುವ ಅಳತೆಗಳು ಥಾಮ್ಸನ್, ತಾಸ್ ಎ ಗಣೇಶ್, ಮಾಣಿಕ್ ಚಮನ್‌ನಂಥ ಬೀಜವಿಲ್ಲದ ಬಿಳಿ ತಳಿಗಳಿಗೆ. ಡಾಗ್‌ರಿಜ್ ಎಂಬ ಬೇರು ತಳಿಯ ಮೇಲೆ ಕಸಿ ಕಟ್ಟಿದ, ಒಣದ್ರಾಕ್ಷಿಗೆಂದೇ ಬೆಳೆಯುವ ಪಡಗಳನ್ನು (ದ್ರಾಕ್ಷಿ ತೋಟಗಳನ್ನು) ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿರುವುದು.

ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ತಾನಾಗಿ ಎಲೆ ಉದುರಿಸಿ ಮಲಗುತ್ತದೆ. ಚಳಿಗಾಲದಲ್ಲಿ ಒಂದು ಸಲ ಕತ್ತರಿಸಿದರೆ ಸಾಕು. ನಮ್ಮ ಬಿಸಿಲಿನಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ಎರಡು ಚಾಟ್ನಿ, ಒಂದು ಬೆಳೆ. ಏಪ್ರಿಲ್‌ನಲ್ಲಿ ಒಂದೇ ಕಣ್ಣು (ಚಿಗುರೊಡೆಯುವ ಮೊಗ್ಗು) ಬಿಟ್ಟು ಕತ್ತರಿಸಿ ಹೊಸ ಕಡ್ಡಿ ಬೆಳೆಸುತ್ತೇವೆ, ಅಕ್ಟೋಬರ್‌ನಲ್ಲಿ ಅದೇ ಕಡ್ಡಿಯನ್ನು ಗೊನೆ ಇರುವ ಕಣ್ಣಿನ ಮೇಲೆ ಕತ್ತರಿಸುತ್ತೇವೆ. ಗೊನೆ ಹುಟ್ಟುವುದು ಅಕ್ಟೋಬರ್‌ನಲ್ಲಲ್ಲ. ಏಪ್ರಿಲ್ ಚಾಟ್ನಿಯಾದ 40ರಿಂದ 60 ದಿನಗಳೊಳಗೆ ಕಣ್ಣಿನ ಒಳಗೇ ಗೊನೆ ಕಟ್ಟಿರುತ್ತದೆ. ಆ ದಿನಗಳಲ್ಲಿ ಮೋಡ ಮುಚ್ಚಿದ್ದರೆ, ಚಪ್ಪರದಲ್ಲಿ ಕಡ್ಡಿ ಒತ್ತೊತ್ತಾಗಿ ನೆರಳಾಗಿದ್ದರೆ, ಯೂರಿಯಾ ಜಾಸ್ತಿ ಬಿದ್ದಿದ್ದರೆ, ಅಕ್ಟೋಬರ್‌ನಲ್ಲಿ ಏನು ಸಿಂಪಡಿಸಿದರೂ ಇಲ್ಲದ ಗೊನೆ ಬರುವುದಿಲ್ಲ. ಈಗ ನಮ್ಮ ಕೈಯಲ್ಲಿರುವುದು ಎರಡೇ: ಗೊನೆ ಇರುವ ಕಣ್ಣನ್ನು ಹುಡುಕುವುದು, ಎಲ್ಲ ಕಣ್ಣುಗಳನ್ನೂ ಒಂದೇ ಸಮಯಕ್ಕೆ ಒಡೆಸುವುದು. ಮುಂದೆ ಬರುವ ಮಾತೆಲ್ಲ ಈ ಎರಡರ ಸುತ್ತಲೇ.

ಮೊದಲ ತಲೆನೋವು ತಾರೀಖು. ಸೆಪ್ಟೆಂಬರ್ ಕೊನೆಗೆ ಕತ್ತರಿಸಿದರೆ ಎಳೆ ಚಿಗುರು ಹಿಂಗಾರು ಮಳೆಗೆ ಸಿಕ್ಕಿ ಡೌನಿ ಎಂಬ ಬೂಜು ರೋಗಕ್ಕೆ ಹೋಗುತ್ತದೆ. ನವೆಂಬರ್ ನಡುವಿನವರೆಗೆ ಕಾದರೆ ರಾತ್ರಿ ತಂಪು ಹೆಚ್ಚಿ ಕಣ್ಣು ನಿಧಾನವಾಗಿ, ಹಿಂದೆ ಮುಂದೆ ಒಡೆಯುತ್ತದೆ, ಮಣಿಯೂ ಸಣ್ಣದಾಗುತ್ತದೆ. ಕಟಾವು ತಡವಾದಷ್ಟು ಒಣಗಿಸುವ ಶೆಡ್ಡಿನಲ್ಲಿರುವ ಹಣ್ಣು ಏಪ್ರಿಲ್ ಅಕಾಲಿಕ ಮಳೆಗೆ ಸಿಕ್ಕುವ ಭಯ ಬೇರೆ. ಬಹಳ ಮಂದಿ ಅಕ್ಟೋಬರ್ ಎರಡನೇ ವಾರದಿಂದ ಕೊನೆಯವರೆಗೆ ಹಂಚಿಕೊಂಡು ಮಾಡುತ್ತಾರೆ. ಆಳು ಸಿಗುವುದಕ್ಕೂ, ಒಂದೇ ಮಳೆಗೆ ಇಡೀ ಪಡ ಹೋಗದಿರುವುದಕ್ಕೂ ಅದು ಸರಿ. ಆದರೆ ಹಂಚುವಾಗ ಡ್ರಿಪ್ಪಿನ ಒಂದು ವಾಲ್ವಿಗೆ ಬರುವ ಸಾಲುಗಳನ್ನು ಒಡೆಯಬೇಡಿ. ಅರ್ಧ ಸಾಲು ಚಾಟ್ನಿಯಾಗಿ ನೀರು ಕೇಳುತ್ತಿರುತ್ತದೆ, ಇನ್ನರ್ಧಕ್ಕೆ ನೀರು ನಿಲ್ಲಿಸಬೇಕಿರುತ್ತದೆ. ಆಮೇಲೆ ಒದ್ದಾಟ.

ವಿಮೆಯ ಮಾತನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಚಾಟ್ನಿ ಹೊತ್ತಿಗೆ ನೆನಪಾದರೆ ತಡವಾಗಿರುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಗೆ ಹೆಸರು ನೋಂದಾಯಿಸುವ ಗಡುವು ಸಾಮಾನ್ಯವಾಗಿ ಮುಂಗಾರಿನಲ್ಲೇ ಮುಗಿಯುತ್ತದೆ. ಆಯಾ ವರ್ಷದ ಅಧಿಸೂಚನೆಯಲ್ಲಿ ದಿನಾಂಕ ನೋಡಿಕೊಳ್ಳಿ. ತೋಟಗಾರಿಕೆ ಬೆಳೆಗೆ ರೈತರ ಪಾಲು ವಿಮಾ ಮೊತ್ತದ ಶೇ 5. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಇವೆಲ್ಲ ಇದ್ದೂ ಕೆಲಸ ನಿಲ್ಲುವುದು ಒಂದೇ ಕಡೆ: ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ದ್ರಾಕ್ಷಿ ಬದಲು ಬೇರೆ ಬೆಳೆ ದಾಖಲಾಗಿದ್ದರೆ. ಸಮೀಕ್ಷೆ ಆಗುವ ಕಾಲದಲ್ಲೇ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಹಾಕಿ. ಇನ್ನೊಂದು, ಈ ವಿಮೆಯಲ್ಲಿ ಯಾರೂ ಬಂದು ನಿಮ್ಮ ಗೊನೆ ಎಣಿಸುವುದಿಲ್ಲ. ಮಳೆ, ಉಷ್ಣಾಂಶ, ತೇವಾಂಶದ ದಾಖಲೆಯ ಮೇಲೆ ಲೆಕ್ಕ. ನಿಮ್ಮ ಹೊಲದಲ್ಲಿ ಕೊಚ್ಚಿ ಸುರಿದು ಮಳೆಮಾಪಕ ಇರುವ ಕಡೆ ಹನಿ ಬೀಳದಿದ್ದರೆ ದಾಖಲೆಗೆ ಬರುವುದು ಮಾಪಕದ ಮಳೆ.

ಇನ್ನು ಬಳ್ಳಿಯ ಕೆಲಸ. ಕಡ್ಡಿ ಮಾಗಿದೆಯೇ ಎಂದು ಬಣ್ಣ ನೋಡಿ ನಿರ್ಧರಿಸಬೇಡಿ, ತೊಗಟೆ ಕಂದಾದರೂ ಒಳಗೆ ಹಸಿ ಇರಬಹುದು. ಅಡ್ಡ ಕತ್ತರಿಸಿ ನಡುವಿನ ಬೆಂಡು ನೋಡಿ. ಬೆಂಡು ಕಂದಾಗಿದ್ದರೆ ಮಾಗಿದೆ, ಬಿಳಿ ಅಥವಾ ಹಸಿರು ಇದ್ದರೆ ಇಲ್ಲ. ಮಾಗದ ಕಡ್ಡಿಯ ಕಣ್ಣು ಒಡೆದರೂ ಚಿಗುರಿಗೆ ಬಲವಿರುವುದಿಲ್ಲ.

ಚಾಟ್ನಿಗೆ 15ರಿಂದ 20 ದಿನ ಮೊದಲೇ ತಿಪ್ಪೆ ಗೊಬ್ಬರ, ಸೂಪರ್ ಫಾಸ್ಫೇಟ್ ಬೋದಿಗೆ (ಗಿಡದ ಸಾಲಿನ ಏರಿಗೆ) ಸೇರಿಸಿ ಮುಚ್ಚಬೇಕು. ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆ ಹೇಳಬೇಕೇ ಹೊರತು ಪಕ್ಕದ ಹೊಲದವರಲ್ಲ. ಸುಣ್ಣ ಜಾಸ್ತಿ ಇರುವ ಮಣ್ಣಾದರೆ ಎಕರೆಗೆ 50 ಕೆಜಿ ಗಂಧಕವನ್ನೂ ಗೊಬ್ಬರದ ಜೊತೆ ಕೊಡುವುದಿದೆ.

ಆಮೇಲೆ ನೀರು ನಿಲ್ಲಿಸುವುದು. ಕರಿ ಮಣ್ಣಿನಲ್ಲಿ ತೇವ ಆರಲು ಹೆಚ್ಚು ದಿನ ಬೇಕು, ಮಸಾರಿ ಮತ್ತು ಗರಸು ನೆಲದಲ್ಲಿ ವಾರ ಕಳೆಯುವುದರೊಳಗೆ ಎಲೆ ಬಾಡುತ್ತದೆ. ಎಲೆ ಹಳದಿಗೆ ತಿರುಗಿದಾಗ ಇಥೆಫಾನ್ ಲೀಟರಿಗೆ 2ರಿಂದ 3 ಮಿಲಿ, ಜೊತೆಗೆ 0-52-34 ಗೊಬ್ಬರ 5 ಗ್ರಾಂ ಬೆರೆಸಿ ಸಿಂಪಡಿಸಿದರೆ ವಾರದೊಳಗೆ ಎಲೆ ಉದುರುತ್ತದೆ. ಇದನ್ನು ಚಾಟ್ನಿಗೆ ಎಂಟು-ಹತ್ತು ದಿನ ಮೊದಲು ಮಾಡಬೇಕು. ಎಲೆ ಉದುರಿದ ಮೇಲೆ ಬಳ್ಳಿಯ ಆಹಾರ ಕಣ್ಣಿನ ಕಡೆ ಸರಿದು ಕಣ್ಣು ಉಬ್ಬುತ್ತದೆ, ಒಡೆಯುವಾಗ ಸಮನಾಗಿ ಒಡೆಯುತ್ತದೆ. ನೆಲದಲ್ಲಿ ತೇವ ಇರುವಾಗ ಸಿಂಪಡಿಸಿದರೆ ಅರ್ಧ ಎಲೆ ಉಳಿದುಬಿಡುತ್ತದೆ. ಆಗ ಡೋಸ್ ಹೆಚ್ಚಿಸಿ ಮತ್ತೆ ಹೊಡೆಯುವ ಆಸೆ ಬರುತ್ತದೆ, ಬೇಡ, ಕಣ್ಣಿಗೇ ಪೆಟ್ಟು. ಉಳಿದದ್ದನ್ನು ಕೈಯಿಂದ ತೆಗೆಸಿ.

ಎಲ್ಲಕ್ಕಿಂತ ಸಂಕಟದ ಕಾಲವೆಂದರೆ ಎಲೆ ಉದುರಿದ ಮೇಲಿನ ಈ ವಾರ. ಬೋಳು ಬಳ್ಳಿ, ಮೇಲೆ ಮೋಡ. ಈ ನಡುವೆ ಒಳ್ಳೆಯ ಮಳೆ ಬಿದ್ದರೆ ಕಡ್ಡಿಯ ತುದಿ ಕಣ್ಣುಗಳು ತಾವಾಗಿ ಒಡೆಯಲು ಶುರುವಾಗುತ್ತವೆ. ಗಾಬರಿ ಬೇಡ, ಹೇಗೂ ತುದಿ ಕತ್ತರಿಸಿಹೋಗುತ್ತದೆ. ಕೆಳಗೆ ಉಳಿಸಿಕೊಳ್ಳಬೇಕಾದ ಕಣ್ಣು ಹಸಿರು ತೋರಿಸಿದರೆ ಮಾತ್ರ ಕಾಯುವಂತಿಲ್ಲ, ಗೊತ್ತುಮಾಡಿದ ತಾರೀಖಿಗಿಂತ ಮೊದಲೇ ಕತ್ತರಿಸಬೇಕು. ಹಸಿರು ಬಿಟ್ಟ ಕಣ್ಣಿಗೆ, ಚಾಟ್ನಿಯಾದ ಮೇಲೆ ಕಣ್ಣು ಒಡೆಸಲು ಹಚ್ಚುವ ಪೇಸ್ಟ್ ತಗುಲಿದರೆ ಸುಟ್ಟುಹೋಗುತ್ತದೆ.

ಈ ವಾರದಲ್ಲೇ ಕಣ್ಣು ತಪಾಸಣೆಯ ವರದಿ ಕೈಯಲ್ಲಿರಬೇಕು. ಅಕ್ಟೋಬರ್ ಶುರುವಿನಲ್ಲಿ ಲ್ಯಾಬಿನ ಮುಂದೆ ಕಡ್ಡಿ ಕಟ್ಟುಗಳ ರಾಶಿ ಇರುತ್ತದೆ, ವರದಿಗೆ ಕಾಯಬೇಕು. ಎಲೆ ಉದುರಿಸುವ ಮೊದಲೇ ಕಡ್ಡಿ ಕೊಟ್ಟು ಬಂದರೆ ಲೆಕ್ಕ ಸರಿಹೋಗುತ್ತದೆ. ಪ್ರತಿ ಪ್ಲಾಟಿನಿಂದ ಬೇರೆ ಕಟ್ಟು, ಕಟ್ಟಿಗೆ ಎಂಟು-ಹತ್ತು ಕಡ್ಡಿ. ಬರೀ ಚಂದದ ಕಡ್ಡಿ ಆರಿಸಬೇಡಿ. ತೆಳ್ಳಗಿನವು, ಮಧ್ಯಮ, ದಪ್ಪ ಮೂರೂ ಇರಲಿ, ನೆರಳಿನಲ್ಲಿ ಬೆಳೆದವೂ ಇರಲಿ. ಬುಡದಿಂದಲೇ ಕತ್ತರಿಸಿ. ಮೊದಲ ಕಣ್ಣು ತುಂಡಾದರೆ ಎಣಿಕೆ ಎಲ್ಲ ಒಂದು ಮನೆ ಜರುಗುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಟಿನ ಹೆಸರು ಬರೆದ ಚೀಟಿ ಕಟ್ಟಿ.

ಸೂಕ್ಷ್ಮದರ್ಶಕದಲ್ಲಿ ಪ್ರತಿ ಕಣ್ಣನ್ನು ಸೀಳಿ ನೋಡಿ ಯಾವುದರಲ್ಲಿ ಗೊನೆ ಇದೆ, ಯಾವುದು ಫೇಲ್, ಯಾವುದು ಸತ್ತಿದೆ ಎಂದು ಬರೆದುಕೊಡುತ್ತಾರೆ. ವರದಿ ಓದುವಾಗ ಗೊಂದಲವಾಗುವುದು ಗಂಟಿನ ಕಡ್ಡಿಯಲ್ಲಿ. ಬೇಸಿಗೆಯಲ್ಲಿ ಚಿವುಟಿ, ಮರುಚಿಗುರು ತೆಗೆದುಕೊಂಡ ಕಡ್ಡಿಗೆ ನಡುವೆ ಗಂಟು ಇರುತ್ತದೆ. ಅಲ್ಲಿ ಎಣಿಕೆ ಗಂಟಿನಿಂದ ಹೊಸದಾಗಿ ಶುರು. ಸಾಮಾನ್ಯವಾಗಿ ಗಂಟಿನ ಮೇಲೆ ಒಂದೋ ಎರಡೋ ಕಣ್ಣು ಬಿಟ್ಟು ಕತ್ತರಿಸಬೇಕು, ಬಲವಾದ ಗೊನೆ ಇರುವುದು ಅಲ್ಲೇ. ಗಂಟಿಲ್ಲದ ನೇರ ಕಡ್ಡಿಯಲ್ಲಿ ಬುಡದಿಂದ ಆರರಿಂದ ಎಂಟನೇ ಕಣ್ಣಿನ ತನಕ ಹೋಗಬೇಕಾಗುತ್ತದೆ. ‘ಐದು ಕಣ್ಣು ಬಿಡಿ’ ಎಂದು ವರದಿಯಲ್ಲಿದ್ದರೆ ಅದು ಬುಡದಿಂದಲೋ ಗಂಟಿನಿಂದಲೋ ಎಂದು ಲ್ಯಾಬಿನಲ್ಲೇ ಕೇಳಿಕೊಂಡು ಬನ್ನಿ. ಕೇಳಲು ಸಂಕೋಚಪಟ್ಟರೆ ಎಕರೆಗಟ್ಟಲೆ ಗೊನೆ ಕತ್ತರಿಯ ಬಾಯಿಗೆ ಹೋಗುತ್ತದೆ.

ಚಾಟ್ನಿಯ ದಿನ ಗುತ್ತಿಗೆ ಗುಂಪಿನವರ ಮೊದಲ ಪ್ರಶ್ನೆ ಅದೇ: “ಅಣ್ಣಾರ, ಎಷ್ಟ ಕಣ್ಣ ಬಿಡೂಣ್ರಿ?” ಬಾಯಲ್ಲಿ ಹೇಳಿ ಬಿಡಬಾರದು. ಒಂದು ಗಿಡವನ್ನು ಅವರೆದುರು ಪೂರ್ತಿ ಕತ್ತರಿಸಿ ತೋರಿಸಬೇಕು. ಗಂಟಿನ ಕಡ್ಡಿ ಇಲ್ಲಿ, ನೇರ ಕಡ್ಡಿ ಇಲ್ಲಿ, ಸೀಸಕಡ್ಡಿಗಿಂತ ತೆಳ್ಳಗಿದ್ದರೆ ಒಂದೇ ಕಣ್ಣಿಗೆ, ಸತ್ತದ್ದು ಬುಡಕ್ಕೆ. ಒಂಬತ್ತು ಅಡಿ ಸಾಲು, ಐದು ಅಡಿ ಗಿಡದ ಅಂತರದಲ್ಲಿ ಎಕರೆಗೆ 968 ಗಿಡ. ಗಿಡಕ್ಕೆ 35 ಕಡ್ಡಿ ಹಿಡಿದರೂ 34 ಸಾವಿರದ ಹತ್ತಿರ ಕತ್ತರಿ ಏಟು. ಇಷ್ಟರಲ್ಲಿ ಪ್ರತಿಯೊಂದಕ್ಕೂ ಯಾರೂ ಬಗ್ಗಿ ಎಣಿಸುವುದಿಲ್ಲ, ಕಣ್ಣಳತೆಯಲ್ಲೇ ನಡೆಯುತ್ತದೆ. ಗಿಡದ ಲೆಕ್ಕದ ಗುತ್ತಿಗೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ, ಆದರೆ ಸಾಲು ಸಾಲಿಗೂ ಹಿಂದೆ ಒಬ್ಬರು ನೋಡುತ್ತಾ ಹೋಗಬೇಕು. ದಿನಗೂಲಿಯಲ್ಲಿ ಕೆಲಸ ಚೊಕ್ಕ, ಆದರೆ ಪ್ಲಾಟಿನ ಒಂದು ತುದಿಗೂ ಇನ್ನೊಂದಕ್ಕೂ ಮೂರು ನಾಲ್ಕು ದಿನ ಅಂತರ ಬೀಳುತ್ತದೆ, ಅದೂ ಅಸಮ ಒಡೆಯುವಿಕೆಯೇ. ಚಿಕ್ಕ ಪ್ಲಾಟಿಗೆ ದಿನಗೂಲಿ, ದೊಡ್ಡದಕ್ಕೆ ಗುತ್ತಿಗೆ ಮತ್ತು ಮೇಲುಸ್ತುವಾರಿ, ಇದು ನಮ್ಮ ಲೆಕ್ಕ. ಈ ಹಂಗಾಮಿನಲ್ಲಿ ಹೆಚ್ಚು ದುಡ್ಡು ಹೋಗುವುದೂ ಆಳಿಗೇ, ಎರಡನೆಯದು ಡೌನಿ ಔಷಧಿಗೆ.

ಕತ್ತರಿ ಹರಿತವಾಗಿರಲಿ. ಕೊನೆಯ ಕಣ್ಣಿನ ಮೇಲೆ ಒಂದರಿಂದ ಒಂದೂವರೆ ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು. ಕಣ್ಣಿಗೆ ತಾಗಿಸಿ ಕತ್ತರಿಸಿದರೆ ತುದಿ ಒಣಗುತ್ತಾ ಬಂದು ಕಣ್ಣನ್ನೂ ಒಣಗಿಸುತ್ತದೆ. ಮೊಂಡು ಕತ್ತರಿಯಲ್ಲಿ ಕಡ್ಡಿ ಸೀಳಿದರೂ ಅದೇ ಗತಿ. ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿ ಹೊಸಬರು ಹೆದರುತ್ತಾರೆ. ಬೇರು ಕೆಲಸ ಮಾಡುತ್ತಿದೆ ಎಂದಷ್ಟೇ ಅದರ ಅರ್ಥ. ಆದರೆ ಆ ನೀರು ಕಣ್ಣಿನ ಮೇಲೆ ಹರಿಯುವಾಗ ಪೇಸ್ಟ್ ಹಚ್ಚಿದರೆ ತೊಳೆದುಹೋಗುತ್ತದೆ, ಸ್ವಲ್ಪ ಆರಲು ಬಿಡಿ. ಕಾಂಡದ ಸಡಿಲ ತೊಗಟೆಯನ್ನು ಇದೇ ವೇಳೆ ಕೈಯಿಂದ ಸುಲಿಸಿ. ಹಿಟ್ಟು ತಿಗಣೆಯೂ, ಮುಂದೆ ಕಣ್ಣು ತಿನ್ನಲು ಬರುವ ದುಂಬಿಯೂ ಅಡಗುವ ಜಾಗ ಅದು. ಸುಲಿದ ತೊಗಟೆ, ಚಿಬ್ಬು ರೋಗದ ಕಲೆ ಇರುವ ಕಡ್ಡಿ ಎಲ್ಲವನ್ನೂ ಪಡದ ಹೊರಗೆ ಸಾಗಿಸಿ. ರೋಗವಿಲ್ಲದ ಕಡ್ಡಿಯನ್ನು ಚೂರು ಮಾಡಿ ಬೋದಿಗೆ ಹಾಕಿದರೆ ಒಳ್ಳೆಯ ಹೊದಿಕೆಯಾಗುತ್ತದೆ.

ಪೇಸ್ಟ್ ಎಂದು ನಾವು ಕರೆಯುವುದು ಹೈಡ್ರೋಜನ್ ಸಯನಮೈಡ್ ದ್ರಾವಣವನ್ನು. ಬಳ್ಳಿಗೆ ಸಿಗದ ಚಳಿಯ ಬದಲಿಗೆ ಇದು. ಚಾಟ್ನಿಯಾದ 48 ಗಂಟೆಯೊಳಗೆ ಹಚ್ಚಬೇಕು, ಅದೇ ದಿನ ಹಚ್ಚಿದರೆ ಇನ್ನೂ ಒಳ್ಳೆಯದು. ಮುಂದೆ ಕತ್ತರಿ, ಹಿಂದೆ ಪೇಸ್ಟ್ ಎಂದು ಸಾಲು ಹಿಡಿಯಬೇಕು. ಅಂಗಡಿಯಲ್ಲಿ ಸಿಗುವ ಸುಮಾರು ಶೇ 50ರ ದ್ರಾವಣ ಲೀಟರ್ ನೀರಿಗೆ 30ರಿಂದ 40 ಮಿಲಿ. ಬಿಸಿಲು ಚುರುಕಾಗಿದ್ದರೆ, ಕಡ್ಡಿ ತೆಳ್ಳಗಿದ್ದರೆ 30ರ ಕಡೆ, ತಂಪು ಹವೆಗೆ ಮತ್ತು ದಪ್ಪ ಕಡ್ಡಿಗೆ 40ರ ಕಡೆ. ಎಷ್ಟು ಬೇಕೆಂದು ಮೊದಲೇ ಗೊತ್ತಾಗದಿದ್ದರೆ ಹತ್ತು ಗಿಡಕ್ಕೆ ಹಚ್ಚಿ ನೋಡಿ, ಖರ್ಚಾದದ್ದನ್ನು ಗಿಡದ ಸಂಖ್ಯೆಗೆ ಗುಣಿಸಿ. ಆ ದಿನಕ್ಕೆ ಬೇಕಾದಷ್ಟೇ ಕಲಸಿ. ದ್ರಾವಣಕ್ಕೆ ಕೆಂಪು ಬಣ್ಣ ಬೆರೆಸಿದರೆ ತಪ್ಪಿಹೋದ ಕಡ್ಡಿ ದೂರದಿಂದಲೇ ಕಾಣುತ್ತದೆ. ಬಣ್ಣಕ್ಕೆ ಹಾಕಿದ ದುಡ್ಡು ದಂಡವಲ್ಲ. ಸ್ಪಂಜು ಅಥವಾ ಬಟ್ಟೆಯಿಂದ ತುದಿಯ ಎರಡು ಮೂರು ಕಣ್ಣಿಗೆ ಸುತ್ತಲೂ ಒದ್ದೆಯಾಗುವಂತೆ ಹಚ್ಚಬೇಕು, ಒಂದು ಬದಿಗೆ ಸವರಿ ಹೋದರೆ ಸಾಲದು. ಬೆಳಿಗ್ಗೆ ಮತ್ತು ಸಂಜೆ ಹಚ್ಚುವುದು ಲೇಸು. ಹಚ್ಚಿದ ಸ್ವಲ್ಪ ಹೊತ್ತಿಗೇ ಮಳೆ ಬಿದ್ದರೆ ಮತ್ತೆ ಹಚ್ಚಬೇಕಾಗುತ್ತದೆ.

ಇದು ಚರ್ಮ ಸುಡುವ ರಾಸಾಯನಿಕ. ರಬ್ಬರ್ ಕೈಗವಸು, ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇಬೇಕು. ಹರಿದ ಕೈಗವಸಿನೊಳಗೆ ದ್ರಾವಣ ನಿಂತರೆ ಬರಿಗೈಗಿಂತ ಕೆಟ್ಟದ್ದು. ಇದಕ್ಕಿಂತ ದೊಡ್ಡ ಅಪಾಯ ಸಂಜೆಯ ಕುಡಿತ. ಈ ದ್ರಾವಣ ಮೈಗೆ ಸೇರಿದಾಗ ದೇಹಕ್ಕೆ ಮದ್ಯವನ್ನು ಸರಿಯಾಗಿ ಕರಗಿಸಲು ಆಗುವುದಿಲ್ಲ. ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಹಚ್ಚುವ ಹಿಂದಿನ ದಿನ, ಹಚ್ಚುವ ದಿನ ಮತ್ತು ಮುಂದಿನ ಕೆಲವು ದಿನ ಹನಿಯೂ ಮುಟ್ಟಬಾರದು. ಗುಂಪಿನ ಮೇಸ್ತ್ರಿಗೆ ಇದನ್ನು ಬಿಡಿಸಿ ಹೇಳಿ, ಒಪ್ಪದವರನ್ನು ಕತ್ತರಿ ಕೆಲಸಕ್ಕೆ ಮಾತ್ರ ಹಾಕಿ. ಹೇಳಿದರೆ ಮುನಿಸಿಕೊಂಡಾರು ಎಂದು ಸುಮ್ಮನಿರುವ ವಿಷಯವಲ್ಲ ಇದು.

ಪೇಸ್ಟ್ ಒಣಗಿದ ಮೇಲೆ, ಕಣ್ಣು ಒಡೆಯುವ ಮೊದಲು, ಕಾಂಡ ಕಡ್ಡಿ ಎಲ್ಲ ತೋಯುವಂತೆ ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಿ. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಮೂರನೆಯದಕ್ಕೆ ಒಟ್ಟಿಗೆ ಸುರಿಯಬೇಕು. ಕಬ್ಬಿಣದ ಚಾಕು ಅದ್ದಿ ತೆಗೆದಾಗ ತಾಮ್ರದ ಬಣ್ಣ ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅಂದೇ ಮುಗಿಸಿ, ನಾಳೆಗೆ ಇಡುವಂಥದ್ದಲ್ಲ.

ಈಗ ಡ್ರಿಪ್ಪಿನಲ್ಲಿ ಪೂರ್ತಿ ನೀರು. ಒಣ ಹವೆ ಇದ್ದರೆ ಮೂರನೇ ದಿನದಿಂದ ಸಂಜೆ ಹೊತ್ತು ಬಳ್ಳಿಯ ಮೇಲೆ ಬರೀ ನೀರು ಸಿಂಪಡಿಸಿ ತೇವ ಕಾಪಾಡಿದರೆ ಕಣ್ಣು ಮೃದುವಾಗಿ ಒಟ್ಟಿಗೆ ಬರುತ್ತವೆ. ಎಂಟರಿಂದ ಹನ್ನೆರಡನೇ ದಿನಕ್ಕೆ ಕಣ್ಣು ಅರಳೆಯಂತೆ ಬೆಳ್ಳಗೆ ಬಿರಿದು ಗುಲಾಬಿ ತುದಿ ತೋರಿಸುತ್ತದೆ. ನೋಡಲು ಚಂದ, ಆದರೆ ಅದೇ ರಾತ್ರಿಗಳಲ್ಲಿ ದುಂಬಿ ಬರುತ್ತದೆ. ಕಣ್ಣಿಗೆ ತೂತು ಕೊರೆದು ಒಳಗಿನ ತಿರುಳು ತಿನ್ನುತ್ತದೆ, ತಿಂದ ಕಣ್ಣಿನ ಗೊನೆ ಹೋಯಿತೆಂದೇ ಲೆಕ್ಕ. ಹಗಲು ಹುಡುಕಿದರೆ ಒಂದೂ ಕಾಣುವುದಿಲ್ಲ, ಕತ್ತಲಾದ ಮೇಲೆ ಬ್ಯಾಟರಿ ಹಿಡಿದು ನೋಡಬೇಕು. ಔಷಧಿಯನ್ನೂ ಸಂಜೆಯೇ ಹೊಡೆಯಬೇಕು. ದ್ರಾಕ್ಷಿಗೆ ಶಿಫಾರಸಾದದ್ದನ್ನೇ, ಲೇಬಲ್ಲಿನ ಪ್ರಮಾಣದಲ್ಲೇ ಬಳಸಿ, ಹೊಡೆದ ದಿನಾಂಕ ಬರೆದಿಡಿ. ಹಣ್ಣನ್ನು ಹೊರದೇಶಕ್ಕೆ ಕಳಿಸುವವರಿಗೆ ಈ ವಹಿ ಹಗುರದ ಮಾತಲ್ಲ. 2010ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿ ತಿರಸ್ಕೃತವಾದದ್ದು ಕ್ಲೋರ್‌ಮೆಕ್ವಾಟ್ ಶೇಷ ಸಿಕ್ಕಿದ್ದಕ್ಕೆ. ಅದು ಏಪ್ರಿಲ್ ಚಾಟ್ನಿಯ ನಂತರ ಕಡ್ಡಿಯ ಬೆಳವಣಿಗೆ ತಡೆಯಲು ಹೊಡೆಯುವ ಔಷಧಿ.

ಮೂರು ಎಲೆ ಬಿಟ್ಟಾಗಿನಿಂದ ಡೌನಿಯ ಕಾವಲು. ಎಲೆಯ ಮೇಲೆ ಎಣ್ಣೆ ಕಲೆ, ತಿರುವಿದರೆ ಬಿಳಿ ಬೂಜು. ಗೊನೆಗೆ ಹತ್ತಿದರೆ ಕಂದಾಗಿ ಒಣಗುತ್ತದೆ, ಆಮೇಲೆ ಏನೂ ಮಾಡಲು ಬರುವುದಿಲ್ಲ. ಮಳೆಯಾದ ಮರುದಿನ ಕರಿ ಮಣ್ಣಿಗೆ ಟ್ರ್ಯಾಕ್ಟರ್ ಇಳಿಯುವುದಿಲ್ಲ, ನಿಜವಾದ ಅಡಚಣೆ ಇದೇ. ಉದ್ದ ಪೈಪಿನ ಪಂಪ್ ಮೊದಲೇ ಸಿದ್ಧ ಇರಲಿ. ಒದ್ದೆ ಎಲೆಯ ಮೇಲೆ ಮ್ಯಾಂಕೋಜೆಬ್ ಪುಡಿ ಧೂಳೀಕರಿಸಿ ಆ ದಿನ ದಾಟಿಸುವುದೂ ಉಂಟು.

ಐದು ಎಲೆಯ ಹಂತಕ್ಕೆ, ಸುಮಾರು 16ರಿಂದ 18ನೇ ದಿನಕ್ಕೆ, ಗೊನೆ ಕಣ್ಣಿಗೆ ಕಾಣುತ್ತದೆ. ಆಗ ಫೇಲ್ ಕಡ್ಡಿ ತೆಗೆಯಬೇಕು. ಇದಕ್ಕಿಂತ ಬೇಗ ಹೊರಟರೆ ಗೊನೆ ಇದ್ದದ್ದೂ ಕೈಗೆ ಬರುತ್ತದೆ, ತಡವಾದರೆ ಊಟವೆಲ್ಲ ಫೇಲ್ ಕಡ್ಡಿಗೆ ಹೋಗಿ ಚಪ್ಪರ ಕತ್ತಲಾಗುತ್ತದೆ. ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಮುರಿಯುವಷ್ಟು ಎಳೆಯದಿರುವಾಗಲೇ ಕೆಲಸ ಮುಗಿಸಿ. ಮೋಡ ಮುಚ್ಚಿ ನೆಲ ತೇವ ಇದ್ದರೆ ಕಂಡ ಗೊನೆಯೂ ಕರಗಿ ಬರೀ ಬಳ್ಳಿಕುಡಿಯಾಗುತ್ತದೆ. ಅಂಥ ದಿನಗಳಲ್ಲಿ ನೀರು ಕಡಿಮೆ ಮಾಡಿ, ಸಾರಜನಕದ ಗೊಬ್ಬರವನ್ನು ಪೂರ್ತಿ ನಿಲ್ಲಿಸಿ.

ಮೊದಲ ಜಿಎ ಗೊನೆ ಗಿಳಿ ಹಸಿರು ಬಣ್ಣಕ್ಕೆ ತಿರುಗಿದಾಗ: 10 ಪಿಪಿಎಂ, ಅಂದರೆ 100 ಲೀಟರಿಗೆ 1 ಗ್ರಾಂ. ಪುಡಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಮೊದಲು ಸ್ವಲ್ಪ ಅಸಿಟೋನಿನಲ್ಲಿ ಕರಗಿಸಿಕೊಳ್ಳಿ. ನಮ್ಮ ಬೋರಿನ ನೀರು ಗಡಸು, ಪಿಎಚ್ ಹೆಚ್ಚು. ಸಿಟ್ರಿಕ್ ಆಮ್ಲ ಹಾಕಿ 5.5ರಿಂದ 6ಕ್ಕೆ ಇಳಿಸದಿದ್ದರೆ ಜಿಎ ಕೆಲಸ ಮಾಡುವುದು ಕಡಿಮೆ. ನಾಲ್ಕು ದಿನ ಬಿಟ್ಟು 15 ಪಿಪಿಎಂ.

ಕಣ್ಣು ಹಿಂದೆ ಮುಂದೆ ಒಡೆದ ಪ್ಲಾಟಿನಲ್ಲಿ ತೊಂದರೆ ಲೆಕ್ಕಕ್ಕೆ ಬರುವುದು ಇಲ್ಲಿಯೇ. ಒಂದು ಕಡ್ಡಿಯ ಗೊನೆ ಗಿಳಿ ಹಸಿರಿಗೆ ಬಂದಿರುತ್ತದೆ, ಪಕ್ಕದ್ದು ಇನ್ನೂ ಎಲೆ ಬಿಚ್ಚುತ್ತಿರುತ್ತದೆ. ಒಂದೇ ಸಲ ಹೊಡೆದರೆ ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡ. ಸಾಲಿನ ತುದಿಯ ಕಂಬಕ್ಕೆ ಎರಡು ಬಣ್ಣದ ಟೇಪ್ ಕಟ್ಟಿ, ಮುಂದಿರುವ ಸಾಲುಗಳಿಗೆ ಇಂದು, ಹಿಂದಿರುವುದಕ್ಕೆ ಎರಡು ಮೂರು ದಿನ ಬಿಟ್ಟು ಹೊಡೆಯಿರಿ. ಒಂದೇ ಗಿಡದೊಳಗೇ ಹೆಚ್ಚು ಕಡಿಮೆ ಇದ್ದರೆ ಯಾವ ಹಂತದ ಗೊನೆ ಹೆಚ್ಚಿವೆಯೋ ಅದಕ್ಕೆ ಹೊಂದಿಸಿ, ತೀರಾ ಹಿಂದಿರುವ ಕಡ್ಡಿಗಳನ್ನು ಫೇಲ್ ಜೊತೆಗೇ ತೆಗೆದುಬಿಡಿ.